ಆಲ್ಟೊ, ಅಪ್ಪ ಮತ್ತು ಹನ್ನೆರಡು ಸಾಲಿನ ಎಸ್ಟಿಮೇಟು

ನಮ್ಮನೆ ಆಲ್ಟೊ 800ಗೆ ಹನ್ನೊಂದು ವರ್ಷ ದಾಟಿದೆ. 2014ರ ಯುಗಾದಿಗೆ ಅಪ್ಪ ತಗೊಂಡಿದ್ದು. ಮೀಟರ್ ನೋಡಿದ್ರೆ ನಲವತ್ತಾರು ಸಾವಿರ ಕಿಲೋಮೀಟರ್, ಅಷ್ಟೇ. ವರ್ಷಕ್ಕೆ ನಾಲ್ಕು ಸಾವಿರ ಲೆಕ್ಕ. ಮನೆಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಮನೆ, ಹದಿನೈದು ದಿನಕ್ಕೊಮ್ಮೆ ಹರಿಹರದ ದೊಡ್ಡಪ್ಪನ ಮನೆ, ವರ್ಷಕ್ಕೊಂದ್ಸಲ ಧರ್ಮಸ್ಥಳ. ದಾವಣಗೆರೆಯಲ್ಲಿ ಇಂಥ ಕಾರುಗಳು ಬೀದಿಗೆ ನಾಲ್ಕು ಸಿಗುತ್ವೆ. ಬೆಳಿಗ್ಗೆ ಬಟ್ಟೆ ತಗೊಂಡು ಒರೆಸೋದು, ಆಮೇಲೆ ಕವರ್ ಹಾಕಿ ಮುಚ್ಚಿಡೋದು.

ಈ ಸಲ ವಾರ್ಷಿಕ ಸರ್ವಿಸ್‌ಗೆ ಅಂತ ಒಂದು ಸರ್ವಿಸ್ ಸೆಂಟರಿಗೆ ಬಿಟ್ಟಾಗ ಕೈಗೆ ಬಂದ ಎಸ್ಟಿಮೇಟು 13,140 ರೂಪಾಯಿ. ಒಟ್ಟು ಹನ್ನೆರಡು ಸಾಲು. ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ 1,480. ಏರ್ ಫಿಲ್ಟರ್ 260. ಎಂಜಿನ್ ಫ್ಲಶ್ 450. ಇಂಜೆಕ್ಟರ್ ಕ್ಲೀನಿಂಗ್ 1,350. ಥ್ರಾಟಲ್ ಬಾಡಿ ಕ್ಲೀನಿಂಗ್ 650. ಪೆಟ್ರೋಲಿಗೆ ಹಾಕೋ ಔಷಧಿ 380. ಎ.ಸಿ. ಕ್ಲೀನಿಂಗ್ 1,250. ಕಾರಿನ ಹೊಟ್ಟೆಗೆ ತುಕ್ಕು ಹಿಡಿಯದ ಲೇಪನ 2,600. ಒಳಗಿನ ಸೀಟು-ಗೀಟು ಕ್ಲೀನಿಂಗ್ 1,400. ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 950. ವೈಪರ್ 520. ಲೇಬರ್ 1,850.

ನಾನು ಇದನ್ನ ಎರಡು ಸಲ ಓದಿದೆ. ದುಡ್ಡು ಜಾಸ್ತಿ ಅಂತಲ್ಲ. ಈ ಹನ್ನೆರಡು ಸಾಲಲ್ಲಿ ಬ್ರೇಕ್ ಅನ್ನೋ ಪದವೇ ಇರಲಿಲ್ಲ! ಟೈರ್ ಅನ್ನೋ ಪದವೂ ಇರಲಿಲ್ಲ. ಕೂಲೆಂಟ್ ಇಲ್ಲ, ಬ್ಯಾಟರಿ ಇಲ್ಲ. ಕಾರು ಹೊಳೆಯೋದಕ್ಕೆ, ಘಮಘಮ ಅನ್ನೋದಕ್ಕೆ ಬೇಕಾದ್ದೆಲ್ಲ ಇತ್ತು, ನಿಲ್ಲೋದಕ್ಕೆ ಬೇಕಾದ್ದು ಇರಲಿಲ್ಲ.

ಅಲ್ಲಿದ್ದ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನಿಗೂ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಇರೋನಿಗೆ ಟಾರ್ಗೆಟ್ ಅಂದ್ರೇನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ :-) ಸದ್ಯಕ್ಕೆ ಆಯಿಲ್ ಮತ್ತು ಏರ್ ಫಿಲ್ಟರ್ ಅಷ್ಟೇ ಮಾಡಿ, ಉಳಿದದ್ದು ಯೋಚನೆ ಮಾಡಿ ಹೇಳ್ತೀನಿ ಅಂತ ಹೇಳಿ ಬಂದೆ.

ಮನೆಗೆ ಬಂದ್ರೆ ಅಪ್ಪನದು ಇನ್ನೊಂದು ತುದಿ. "ಓಡ್ಸೋದೇ ಇಲ್ಲಲ್ಲೋ, ನಿಂತಿರೋ ಗಾಡಿಗೆ ಎಂಥ ಸರ್ವೀಸು? ಮೊದ್ಲು ಹತ್ತು ಸಾವಿರ ಕಿಲೋಮೀಟರ್ ಆಗ್ಲಿ, ಆಮೇಲೆ ನೋಡಣ." ಅವರ ಲೆಕ್ಕದಲ್ಲಿ ಅದು ಎರಡೂವರೆ ವರ್ಷಕ್ಕೊಮ್ಮೆ. ಅಂದ್ರೆ ಒಂದು ಕಡೆ ಎಲ್ಲಾ ಮಾಡ್ಸಿ ಅನ್ನೋರು, ಇನ್ನೊಂದು ಕಡೆ ಏನೂ ಬೇಡ ಅನ್ನೋರು. ಇಬ್ಬರ ಹತ್ರಾನೂ ಇಲ್ಲದ್ದು ಒಂದೇ, ಯಾಕೆ ಅನ್ನೋದಕ್ಕೆ ಉತ್ತರ.

ನನಗೆ ಈ ಉತ್ತರ ಯಾಕೆ ಬೇಕಿತ್ತು ಅಂದ್ರೆ, ನಾನಿರೋದು ಬೆಂಗಳೂರಲ್ಲಿ. ದಾವಣಗೆರೆ ಅಲ್ಲಿಂದ 260 ಕಿಲೋಮೀಟರ್ ಚಿಲ್ಲರೆ. ಮನೆಯಲ್ಲಿ ಇಬ್ಬರೇ. ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಅಮ್ಮಂಗೆ ಉಸಿರಾಟ ಕಷ್ಟ ಆಯ್ತು. ಅಪ್ಪ ನನಗೆ ಫೋನ್ ಮಾಡಿ, ಅದನ್ನ ಕಟ್ ಮಾಡದೇ ಜೇಬಿಗೆ ಹಾಕ್ಕೊಂಡು ಅಮ್ಮನ್ನ ಕಾರಲ್ಲಿ ಕೂರಿಸಿದ್ರು. ನನಗೆ ಕೇಳಿಸಿದ್ದು ಬಾಗಿಲ ಸದ್ದು, ಮಳೆ, ಆಮೇಲೆ ಸ್ಟಾರ್ಟರಿನ ಸದ್ದು. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ರು, ಅಮ್ಮ ಈಗ ಚೆನ್ನಾಗಿದ್ದಾರೆ. ಆದರೆ ಅವತ್ತಿಂದ ನನಗೆ ಆ ಕಾರು ಬರೀ ಕಾರಾಗಿ ಉಳಿದಿಲ್ಲ. ಅದರ ಮೈಲೇಜ್ ಎಷ್ಟು, ಮಾರಿದ್ರೆ ಎಷ್ಟು ಬರುತ್ತೆ ಅನ್ನೋದೆಲ್ಲ ನನಗೆ ಮುಖ್ಯವಲ್ಲ. ಅರವತ್ತೇಳು ವರ್ಷದ ಮನುಷ್ಯ ಮಳೆಯಲ್ಲಿ ಕೀ ತಿರುಗಿಸಿದಾಗ ಅದು ಸ್ಟಾರ್ಟ್ ಆಗಬೇಕು, ಬ್ರೇಕ್ ತುಳಿದಾಗ ನಿಲ್ಲಬೇಕು. ಅಷ್ಟು ಸಾಕು.

ಆ ಭಾನುವಾರ ಹರಿಹರಕ್ಕೆ ಹೋದಾಗ ಎಸ್ಟಿಮೇಟನ್ನ ದೊಡ್ಡಪ್ಪನಿಗೆ ತೋರಿಸಿದೆ. ದೊಡ್ಡಪ್ಪ ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ಫಿಟ್ಟರ್ ಆಗಿದ್ದೋರು. 1941ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ತಯಾರಾದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪು, ಐ.ಟಿ.ಐ.ಗಳಿಗೆ ಹೋಗಿವೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು. ಆದರೆ ಅಲ್ಲಿ ಕೆಲಸ ಮಾಡಿದೋರು ಈಗಲೂ ಒಂದು ಯಂತ್ರ ನೋಡಿದ್ರೆ ಮೊದಲು ಕೇಳೋದು ಎಣ್ಣೆ ಎಲ್ಲಿ ಹಾಕಬೇಕು ಅಂತ.

ದೊಡ್ಡಪ್ಪ ಕನ್ನಡಕ ಏರಿಸಿ ಚೀಟಿ ಓದಿದ್ರು. ಓದಿ ನಕ್ಕು ಹೇಳಿದ್ರು, "ನೋಡಪ್ಪಾ, ಮಿಷನ್ನಲ್ಲಿ ಎರಡು ಥರ ಸಾಮಾನು ಇರ್ತಾವೆ. ಕೆಡೋ ಮುಂಚೆ ಕೂಗೋವು ಒಂದು, ಕೂಗ್ದೇ ಸಾಯೋವು ಇನ್ನೊಂದು. ಕೂಗೋವನ್ನ ಕೂಗೋ ತನಕ ಕಾಯ್ಬೋದು. ಕೂಗ್ದೇ ಸಾಯೋವನ್ನ ತಾರೀಖು ಬರ್ಕೊಂಡು ಮಾಡ್ಬೇಕು. ಇದ್ರಾಗೆ ಯಾವ್ಯಾವು ಯಾವ ಥರ ಅಂತ ಬರಿ, ಆಮೇಲೆ ಉಳಿದವು ಏನು ಅಂತ ತಾನೇ ಗೊತ್ತಾಗ್ತೈತೆ."

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಯಾರೂ ಇದನ್ನ ಇಷ್ಟು ಸರಳವಾಗಿ ಹೇಳಿರಲಿಲ್ಲ. ನಮ್ಮ ಆಫೀಸಿನಲ್ಲೂ ಇದೇ ಅಲ್ವಾ? ಕೆಲವು ತೊಂದರೆಗೆ ಅಲಾರ್ಮ್ ಹೊಡ್ಕೊಳ್ಳುತ್ತೆ, ಆಗ ಎದ್ದು ನೋಡಿದ್ರೆ ಸಾಕು. ಕೆಲವಕ್ಕೆ ಅಲಾರ್ಮೇ ಇಲ್ಲ. ಬ್ಯಾಕಪ್ ಸರಿಯಾಗಿ ಆಗ್ತಿದೆಯಾ ಅಂತ ಗೊತ್ತಾಗೋದು ಅದು ಬೇಕಾದ ದಿನ. ಅದಕ್ಕೇ ಅದನ್ನ ತಾರೀಖು ಹಾಕಿ ಪರೀಕ್ಷೆ ಮಾಡೋದು.

ಸರಿ, ಆವತ್ತು ರಾತ್ರಿ ಕಾರಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದೆ. ಪ್ಲಾಸ್ಟಿಕ್ ಕವರಿನಲ್ಲಿ ಹೊಸದರ ಹಾಗೇ ಇತ್ತು! ಅದರಲ್ಲಿ ಎಂಜಿನ್ ಆಯಿಲ್ ಹತ್ತು ಸಾವಿರ ಕಿಲೋಮೀಟರ್ ಅಥವಾ ಹನ್ನೆರಡು ತಿಂಗಳು, ಯಾವುದು ಮೊದಲೋ ಅದು ಅಂತಿದೆ. ಅಪ್ಪ ಓದಿದ್ದು ಮೊದಲರ್ಧ ಮಾತ್ರ. ನಮ್ಮಂಥೋರಿಗೆ ಯಾವಾಗಲೂ ಮೊದಲು ಬರೋದು ತಿಂಗಳು, ಕಿಲೋಮೀಟರ್ ಅಲ್ಲ.

ಇನ್ನೂ ಒಂದು ಪುಟ ಇದೆ, ಬಹಳ ಜನ ನೋಡಿರಲ್ಲ. ಕಠಿಣ ಪರಿಸ್ಥಿತಿಯಲ್ಲಿ ಓಡಿಸೋರಿಗೆ ಅಂತ ಬೇರೆ ಪಟ್ಟಿ. ಕಠಿಣ ಅಂದ್ರೆ ಹಿಮಾಲಯ ಹತ್ತೋದು ಅಂದ್ಕೊಂಡಿದ್ರೆ ತಪ್ಪು. ಪದೇ ಪದೇ ಚಿಕ್ಕ ಚಿಕ್ಕ ಓಡಾಟ, ಧೂಳಿನ ರಸ್ತೆ, ಇವೂ ಆ ಪಟ್ಟಿಯಲ್ಲಿವೆ. ದಾವಣಗೆರೆ ಒಳಗಿನ ಓಡಾಟಕ್ಕೆ ಇದಕ್ಕಿಂತ ಸರಿಯಾದ ವರ್ಣನೆ ಇಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲಿ ನಮ್ಮೂರ ಹೆಸರು ಬಂದ ಮೇಲೆ ರಸ್ತೆ ಅಗೆದು ಮುಚ್ಚಿದ್ದನ್ನ ನೋಡಿದೋರಿಗೆ ಧೂಳು ಅಂದ್ರೇನು ಅಂತ ಹೇಳಬೇಕಿಲ್ಲ. ಮಂಡಕ್ಕಿ ಭಟ್ಟಿ ಕಡೆ ಮನೆ ಇದ್ರಂತೂ ಹೊಟ್ಟಿನ ಬೂದಿಯೂ ಸೇರಿಕೊಳ್ಳುತ್ತೆ.

ಚಿಕ್ಕ ಓಡಾಟದ ಕಥೆ ಹೀಗೆ. ಎಂಜಿನ್ ತಣ್ಣಗಿದ್ದಾಗ ಸ್ವಲ್ಪ ನೀರಿನಂಶ, ಸ್ವಲ್ಪ ಉರಿಯದ ಪೆಟ್ರೋಲ್ ಎಣ್ಣೆಗೆ ಸೇರುತ್ತೆ. ಎಣ್ಣೆ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತೆ. ಎರಡು ಕಿಲೋಮೀಟರ್ ಹೋಗಿ ತರಕಾರಿ ತಂದು ನಿಲ್ಲಿಸಿದ್ರೆ ಎಣ್ಣೆ ಕಾಯೋದೇ ಇಲ್ಲ. ಬ್ಯಾಟರಿಯೂ ಹಾಗೇ, ಸ್ಟಾರ್ಟ್ ಮಾಡಲು ಖರ್ಚಾಗಿದ್ದು ವಾಪಸ್ ತುಂಬೋ ಮೊದಲೇ ಆಫ್. ಹರಿಹರಕ್ಕೆ ಹೋಗೋ ಹದಿನಾಲ್ಕು ಕಿಲೋಮೀಟರ್, ಬರೋ ಹದಿನಾಲ್ಕು, ಹೆದ್ದಾರಿಯಲ್ಲಿ ಒಂದೇ ಸಮ ಹೋದ್ರೆ ಎರಡಕ್ಕೂ ಒಳ್ಳೆಯದು. ದೊಡ್ಡಪ್ಪನ ಮನೆಗೆ ಹೋಗಿ ಬರೋದು 380 ರೂಪಾಯಿಯ ಔಷಧಿಗಿಂತ ಕಾರಿಗೆ ಜಾಸ್ತಿ ಉಪಕಾರ ಮಾಡುತ್ತೆ. ಮೇಲಾಗಿ ದೊಡ್ಡಮ್ಮನ ಮಂಡಕ್ಕಿ ಒಗ್ಗರಣೆ ಬೇರೆ.

ಈಗ ಪಟ್ಟಿಗೆ ಬರ್ತೀನಿ.

ಮೊದಲು, ಕೂಗದೇ ಸಾಯೋವು.

ಎಂಜಿನ್ ಆಯಿಲ್. ಇದು ಕೆಟ್ಟಿದೆ ಅಂತ ಬಣ್ಣ ನೋಡಿ ಹೇಳೋಕಾಗಲ್ಲ. ಕಪ್ಪಾಗೋದು ಅದು ಕೊಳೆ ಹೊತ್ತುಕೊಂಡಿದೆ ಅನ್ನೋದರ ಗುರುತು, ಅದರ ಕೆಲಸವೇ ಅದು. ಎಂಜಿನ್ ಒಳಗೆ ಸವೆದ ಮೇಲೆ ಸದ್ದು ಬಂದ್ರೆ ಆಗ ಎಣ್ಣೆ ಬದಲಿಸಿ ಪ್ರಯೋಜನ ಇಲ್ಲ. ವರ್ಷಕ್ಕೊಮ್ಮೆ, ಫಿಲ್ಟರ್ ಸಮೇತ. ತಿಂಗಳಿಗೆ ಎರಡು ಸಲ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡೋದು, ಅದಕ್ಕೆ ದುಡ್ಡು ಬೇಡ.

ಬ್ರೇಕ್ ಎಣ್ಣೆ. ಇದಕ್ಕೆ ಗಾಳಿಯಲ್ಲಿರೋ ತೇವ ಹೀರಿಕೊಳ್ಳೋ ಗುಣ ಇದೆ. ಗಾಡಿ ಓಡಲಿ, ನಿಂತಿರಲಿ, ಹೀರ್ತಾನೇ ಇರುತ್ತೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ನೀರು ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ. ಊರೊಳಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ, ಪೆಡಲ್ ಗಟ್ಟಿಯಾಗೇ ಇರುತ್ತೆ. ಧರ್ಮಸ್ಥಳಕ್ಕೆ ಅಂತ ನಾಲ್ಕು ಜನ, ಲಗೇಜು ತುಂಬಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ್ರೆ ಎಣ್ಣೆ ಕುದಿಬಹುದು. ಕುದ್ದರೆ ಒಳಗೆ ಗುಳ್ಳೆ. ಗುಳ್ಳೆಯನ್ನ ಎಷ್ಟು ಒತ್ತಿದ್ರೂ ಅದು ಕುಗ್ಗುತ್ತೆ ವಿನಾ ಬ್ರೇಕ್ ಹಿಡಿಯಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಮ್ಮ ಹಳೇ ಬಿಲ್ಲುಗಳನ್ನ ಹರಡಿಕೊಂಡು ನೋಡಿದೆ. ಹನ್ನೊಂದು ವರ್ಷದ ಬಿಲ್ಲುಗಳಲ್ಲಿ ಬ್ರೇಕ್ ಎಣ್ಣೆ ಮಟ್ಟಕ್ಕೆ ತುಂಬಿಸಿದ್ದು ಇತ್ತು, ಪೂರ್ತಿ ಬದಲಿಸಿದ್ದು ಒಂದು ಸಲವೂ ಇರಲಿಲ್ಲ.

ಕೂಲೆಂಟ್. ನಮ್ಮಲ್ಲಿ ಏಪ್ರಿಲ್‌ನಲ್ಲಿ 38-40 ಡಿಗ್ರಿ ಬಿಸಿಲು. ಕಡಿಮೆ ಆಯ್ತು ಅಂತ ಬೋರ್‌ವೆಲ್ ನೀರು ಹುಯ್ಯೋ ಅಭ್ಯಾಸ ಬಹಳ ಕಡೆ ಇದೆ. ಆ ಗಡಸು ನೀರಿನ ಉಪ್ಪು ಸೋಲಾರ್ ಹೀಟರಿನ ಪೈಪಿಗೆ ಏನು ಮಾಡುತ್ತೆ ನೋಡಿದ್ದೀರಲ್ಲ, ರೇಡಿಯೇಟರಿಗೂ ಅದನ್ನೇ ಮಾಡುತ್ತೆ. ಕೂಲೆಂಟಿನಲ್ಲಿರೋ ತುಕ್ಕು ತಡೆಯೋ ಅಂಶವೂ ವರ್ಷ ಕಳೆದಂತೆ ಮುಗಿಯುತ್ತೆ. ಟೆಂಪರೇಚರ್ ಸೂಚಿ ಕೂಗುತ್ತೆ ನಿಜ. ಆದರೆ ಅದು ಕೂಗೋ ಹೊತ್ತಿಗೆ ಎಂಜಿನ್ ಹೆಡ್ ಸೊಟ್ಟಗಾಗೋ ಹಂತಕ್ಕೆ ಬಂದಿರಬಹುದು.

ಟೈಮಿಂಗ್ ಬೆಲ್ಟ್. ಆಲ್ಟೊ 800ರ 796 ಸಿ.ಸಿ. ಎಂಜಿನ್ನಿನಲ್ಲಿ ಇರೋದು ರಬ್ಬರ್ ಬೆಲ್ಟ್. ಆಲ್ಟೊ ಕೆ10 ಇಟ್ಟಿರೋರಿಗೆ ಈ ತಲೆನೋವಿಲ್ಲ, ಅದರಲ್ಲಿ ಚೈನ್ ಇದೆ. ಬೆಲ್ಟು ಒಂದು ಲಕ್ಷ ಕಿಲೋಮೀಟರ್ ಆಸುಪಾಸಿಗೆ ಬದಲಿಸೋದು ರೂಢಿ. ನಮ್ಮದು ಅದರ ಅರ್ಧವೂ ಓಡಿಲ್ಲ. ಆದರೆ ರಬ್ಬರಿಗೆ ಕಿಲೋಮೀಟರ್ ಎಷ್ಟೋ ವಯಸ್ಸೂ ಅಷ್ಟೇ. ತುಂಡಾಗೋ ಕ್ಷಣದವರೆಗೆ ಸುಮ್ಮನಿದ್ದು, ತುಂಡಾದ ಕ್ಷಣ ಎಂಜಿನ್ ನಿಲ್ಲುತ್ತೆ. ಅದು ಹೆದ್ದಾರಿಯಲ್ಲಿ ಹಿಂದೊಂದು ಲಾರಿ ಬರ್ತಿರುವಾಗ ಆದ್ರೆ? ಹನ್ನೊಂದು ವರ್ಷ ಸಾಕು ಅನ್ನಿಸ್ತು.

ಟೈರ್. ಇದರಲ್ಲೇ ಅಪ್ಪನ ಜೊತೆ ದೊಡ್ಡ ವಾದ ಆಗಿದ್ದು. "ಗ್ರಿಪ್ ಇನ್ನೂ ಹಂಗೇ ಐತಲ್ಲೋ!" ಐತೆ, ನಿಜ. ಕಾನೂನಿನ ಕನಿಷ್ಠ 1.6 ಮಿಲಿಮೀಟರ್, ನಮ್ಮದರಲ್ಲಿ ಅದಕ್ಕಿಂತ ಬಹಳ ಜಾಸ್ತಿ ಇತ್ತು. ಟೈರಿನ ಪಕ್ಕದಲ್ಲಿ ಒಂದು ಉದ್ದನೆಯ ಸಂಖ್ಯೆಯ ಕೊನೆಗೆ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 0614. ಅಂದ್ರೆ 2014ರ ಆರನೇ ವಾರ. ಕಾರಿನ ಜೊತೆ ಬಂದ ಟೈರೇ. ಬೆರಳಲ್ಲಿ ಒತ್ತಿದ್ರೆ ಹಲಗೆಯಂತೆ, ಪಕ್ಕದಲ್ಲಿ ಒಣಗಿದ ಕೆರೆಯ ಮಣ್ಣಿನಂಥ ಸಣ್ಣ ಸಣ್ಣ ಬಿರುಕು. ರಬ್ಬರ್ ಗಟ್ಟಿಯಾದ್ರೆ ಗೀರು ಇದ್ರೂ ಒದ್ದೆ ರಸ್ತೆಯಲ್ಲಿ ಹಿಡಿತ ಇರಲ್ಲ. ಐದಾರು ವರ್ಷ ಆದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತು ವರ್ಷಕ್ಕೆ ಹೇಗಿದ್ರೂ ತೆಗೆದುಬಿಡಿ ಅಂತ ಟೈರ್ ಮಾಡೋರೇ ಹೇಳ್ತಾರೆ. ಆ ಮಳೆಯ ರಾತ್ರಿ ಅಪ್ಪ ಹೋಗಿದ್ದು ಇದೇ ಟೈರಿನ ಮೇಲೆ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರಿಗೇ ಹೊಳೀತು ಅಂತ ಕಾಣುತ್ತೆ, ಆಮೇಲೆ ವಾದ ಮಾಡಲಿಲ್ಲ.

ಇನ್ನು ಕೂಗೋವು.

ಬ್ರೇಕ್ ಪ್ಯಾಡ್ ಸವೆದ್ರೆ ಕಿರ್ ಅನ್ನುತ್ತೆ, ಚಕ್ರ ತೆಗೆದಾಗ ಕಣ್ಣಿಗೂ ಕಾಣುತ್ತೆ. ವೈಪರ್ ಹಳೇದಾದ್ರೆ ಗಾಜಿನ ಮೇಲೆ ಗೆರೆ ಬಿಡುತ್ತೆ. ಕ್ಲಚ್ ಸವೆದ್ರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಸ್ಟೇರಿಂಗ್ ಒಂದು ಕಡೆ ಎಳೆದ್ರೆ ಅಥವಾ ಟೈರ್ ಒಂದೇ ಬದಿ ಸವೆದ್ರೆ ಆಗ ಅಲೈನ್‌ಮೆಂಟ್, ಇಲ್ಲಾಂದ್ರೆ ಹೊಸ ಟೈರ್ ಹಾಕಿಸಿದಾಗ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡುಗಿದ್ರೆ ಆಗ ಥ್ರಾಟಲ್ಲು, ಪ್ಲಗ್ಗು, ಇಂಜೆಕ್ಟರ್ ನೋಡಿಸೋಣ. ಎ.ಸಿ. ಹಾಕಿದಾಗ ವಾಸನೆ ಬಂದ್ರೆ ಆಗ ಎ.ಸಿ. ಕ್ಲೀನಿಂಗ್. ನಮ್ಮ ಕಾರು ಇವು ಯಾವುದನ್ನೂ ಕೂಗಿ ಹೇಳಿರಲಿಲ್ಲ.

ಬ್ಯಾಟರಿ ಮಾತ್ರ ಅರ್ಧ ಕೂಗೋ ಜಾತಿ. ಬೆಳಿಗ್ಗೆ ಸ್ಟಾರ್ಟರ್ ಎಳೆದೆಳೆದು ತಿರುಗಿದ್ರೆ ಅದೇ ಸೂಚನೆ. ಒಂದೊಂದು ಸಲ ಅಷ್ಟೂ ಹೇಳದೇ ಹೋಗುತ್ತೆ. ಅದಕ್ಕೇ ಮೂರು ವರ್ಷ ದಾಟಿದ ಮೇಲೆ ಆಯಿಲ್ ಬದಲಿಸೋ ದಿನವೇ ಪರೀಕ್ಷೆ ಮಾಡಿಸೋದು ಅಂತ ಇಟ್ಟುಕೊಂಡೆ.

ಇನ್ನೊಂದು ಹೊಸ ಕೂಗು, ಪೆಟ್ರೋಲ್ ವಾಸನೆ. ನಮ್ಮದು ಮೆಕ್ಕೆಜೋಳದ ಜಿಲ್ಲೆ. ಮೆಕ್ಕೆಜೋಳದಿಂದಲೂ ಎಥನಾಲ್ ತೆಗೀತಾರೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20ಕ್ಕೆ ಬಂತು. ರೈತರಿಗೆ ಇದು ಒಳ್ಳೇ ಸುದ್ದಿ. 2014ರ ಕಾರು ಮಾತ್ರ ಈ ಮಿಶ್ರಣಕ್ಕೆ ಅಂತ ಮಾಡಿದ್ದಲ್ಲ. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ ಬದಲಿಸಬೇಕಾಗಬಹುದು ಅಂತ ಸರ್ಕಾರವೇ ಹೇಳಿದೆ. ಹಾಗಾಗಿ ಪೆಟ್ರೋಲ್ ಹೋಗೋ ಪೈಪುಗಳನ್ನ ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ನೋಡೋದು, ಬಾನೆಟ್ ಎತ್ತಿದಾಗ ವಾಸನೆ ಬಂದ್ರೆ ಅವತ್ತೇ ಗ್ಯಾರೇಜು. ಟಾರ್ಚ್ ಹಿಡಿದಾಗ ವೈರುಗಳನ್ನೂ ನೋಡಿ, ನಿಂತ ಕಾರು ಅಂದ್ರೆ ಇಲಿಗಳಿಗೆ ಬಾಡಿಗೆ ಇಲ್ಲದ ಮನೆ.

ದೊಡ್ಡಪ್ಪ ಹೇಳಿದ ಹಾಗೆ, ಎರಡೂ ಪಟ್ಟಿಗೆ ಸೇರದೇ ಉಳಿದವು ಏನು ಅಂತ ತಾನೇ ಗೊತ್ತಾಯ್ತು. ಎಂಜಿನ್ ಫ್ಲಶ್: ವರ್ಷ ವರ್ಷ ಆಯಿಲ್ ಬದಲಿಸಿದ ಎಂಜಿನ್ನಿಗೆ ಬೇಡ. ಹೊಟ್ಟೆಯ ಲೇಪನ: ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇಟ್ಟ ಕಾರಿಗಾದ್ರೆ ಯೋಚಿಸಬಹುದು, ನಮ್ಮ ಒಣ ಊರಿಗೆ ಯಾಕೆ? ಸೀಟು ಕ್ಲೀನಿಂಗ್: ಅಪ್ಪನ ಬಟ್ಟೆ, ಅಮ್ಮನ ಪೊರಕೆ ಎರಡೂ ಇವೆ. ಟೈರಿಗೆ ನೈಟ್ರೋಜನ್ ತುಂಬಿಸ್ತೀರಾ ಅಂತಲೂ ಬಾಯಿಮಾತಲ್ಲಿ ಕೇಳಿದ್ರು. ನಾವು ಉಸಿರಾಡೋ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ, ಪಂಕ್ಚರ್ ಅಂಗಡಿಯ ಗಾಳಿ ಸಾಕು. ಆದರೆ ಎರಡು ವಾರಕ್ಕೊಮ್ಮೆ ಒತ್ತಡ ನೋಡಿಸಬೇಕು. ಹೊಳಪು, ವಾಸನೆ, ಔಷಧಿ ಎಲ್ಲಾ ಕೂಡಿಸಿದ್ರೆ ಎಸ್ಟಿಮೇಟಿನಲ್ಲಿ 8,080 ರೂಪಾಯಿ ಹೀಗೆ ಹೋಗೋದಿತ್ತು.

ಹಾಗಾದ್ರೆ ಎಷ್ಟು ಉಳೀತು ಅಂತ ಕೇಳ್ತೀರಾ? ಏನೂ ಉಳೀಲಿಲ್ಲ! ಸರ್ವಿಸ್ ಸೆಂಟರಿನಲ್ಲಿ ಆಯಿಲ್, ಫಿಲ್ಟರ್ ಮತ್ತು ಏರ್ ಫಿಲ್ಟರ್ 1,740. ಆಮೇಲೆ ಪಿ.ಬಿ. ರೋಡ್ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ ಬ್ರೇಕ್ ಎಣ್ಣೆ 600, ಕೂಲೆಂಟ್ 700, ಟೈಮಿಂಗ್ ಬೆಲ್ಟ್ ಮತ್ತು ಅದರ ಟೆನ್ಷನರ್ ಕೂಲಿ ಸಮೇತ 3,100. ನಾಲ್ಕು ಟೈರಿಗೆ 11,200. ಒಟ್ಟು 17,340. ಎಸ್ಟಿಮೇಟಿಗಿಂತ ನಾಲ್ಕು ಸಾವಿರ ಜಾಸ್ತಿಯೇ. ಅಪ್ಪ ಬಿಲ್ಲುಗಳನ್ನ ಕೂಡಿಸಿ ನೋಡಿ, "ಅವ್ನ ಹತ್ರಾನೇ ಮಾಡ್ಸಿದ್ರೆ ಅಗ್ಗಾಗ್ತಿತ್ತಲ್ಲೋ" ಅಂದ್ರು. ಅಗ್ಗ ಆಗ್ತಿತ್ತು, ಹೌದು. ಟೈರು ಹಂಗೇ ಇರ್ತಿತ್ತು, ಬ್ರೇಕ್ ಎಣ್ಣೆ ಹಂಗೇ ಇರ್ತಿತ್ತು.

ಮುಂದಿನ ವರ್ಷ ಆಯಿಲ್, ಫಿಲ್ಟರ್ ಅಷ್ಟೇ. ಅದರ ಮುಂದಿನ ವರ್ಷ ಬ್ರೇಕ್ ಎಣ್ಣೆಯೂ ಸೇರುತ್ತೆ. ಕಮ್ಮಿ ಸರ್ವಿಸ್ ಮಾಡ್ಸೋದು, ಜಾಸ್ತಿ ಮಾಡ್ಸೋದು ಅಂತ ಎರಡೇ ದಾರಿ ಇವೆ ಅಂತ ನಾವು ಅಂದ್ಕೊಂಡಿರ್ತೀವಿ. ಪ್ರತಿ ಸಾಲಿಗೂ ಕೇಳಬೇಕಾದ ಪ್ರಶ್ನೆ ಬೇರೆ: ಇದು ಕೆಟ್ಟರೆ ಏನಾಗುತ್ತೆ, ಕೆಡೋ ಮುಂಚೆ ನನಗೆ ಹೇಳುತ್ತಾ? ಕೌಂಟರ್ ಮುಂದೆ ನಿಂತು ಈ ಪ್ರಶ್ನೆ ಕೇಳಿದ್ರೆ ಯಾರಿಗೂ ಬೇಜಾರಾಗಲ್ಲ. ಉತ್ತರ ಬರದ ಸಾಲನ್ನ ಸುಮ್ಮನೆ ಹೊಡೆದುಹಾಕಬಹುದು.

ಬೆಂಗಳೂರಿಗೆ ಹೊರಡೋ ಮುಂಚೆ ಒಂದು ರಟ್ಟಿನ ಮೇಲೆ ಐದು ಸಾಲು ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆ. ಆಯಿಲ್, ಬ್ರೇಕ್ ಎಣ್ಣೆ, ಕೂಲೆಂಟ್, ಬೆಲ್ಟ್, ಟೈರ್, ಪ್ರತಿಯೊಂದರ ಮುಂದೆ ಮಾಡಿಸಿದ ತಾರೀಖು, ಮುಂದಿನ ತಾರೀಖು. ಮೊನ್ನೆ ಊರಿಗೆ ಹೋದಾಗ ತೆಗೆದು ನೋಡಿದ್ರೆ ಅಪ್ಪನ ದಪ್ಪಕ್ಷರದಲ್ಲಿ ಆರನೇ ಸಾಲು ಸೇರಿತ್ತು: "ಸ್ಟೆಪ್ನಿ – ಅದೂ 0614. ದೀಪಾವಳಿಗೆ ಬದಲಿಸುವುದು."

ನೀವೂ ಒಂದ್ಸಲ ನಿಮ್ಮನೆ ಕಾರಿನ ಹತ್ರ ಬಗ್ಗಿ ಆ ನಾಲ್ಕು ಅಂಕಿ ಓದಿ ನೋಡಿ. ಸ್ಟೆಪ್ನಿಯದೂ ಸೇರಿಸಿ.